ಮರದ ತುದಿಯಲ್ಲಿ ಸೇರಿದ ಸಮಿತಿ

ಮಕ್ಕಳೇ, ಒಂದು ಕಾಡನ್ನು ಹೊಳೆಯೊಂದು ಎರಡು ಹೋಳು ಮಾಡಿ ಹರಿಯುತ್ತಿತ್ತು. ದಡದಿಂದ ದಡಕ್ಕೆ ಓಡಾಡಲು ಇದ್ದದ್ದು ಒಂದೇ ಬಸ್ಸು, ಗುಂಡಣ್ಣ ಎಂಬ ಆನೆ. ಅವನ ಬೆನ್ನ ಮೇಲೆ ಒಮ್ಮೆಗೆ ನೂರು ಜನ ಕೂರುತ್ತಿದ್ದರು. ಸರಿ, ಹನ್ನೆರಡು ಅಂತಿಟ್ಟುಕೊಳ್ಳಿ. ಕತೆ ಹೇಳುವಾಗ ನನ್ನ ಕೈ ಸ್ವಲ್ಪ ಧಾರಾಳ.

ಆನೆಯ ನೆತ್ತಿಯ ಮೇಲೆ ನಿಂತ ಬೆಳ್ಳಕ್ಕಿಯೇ ಕಂಡಕ್ಟರು. "ಹಿಂದೆ ಹೋಗಿ, ಹಿಂದೆ ಹೋಗಿ! ಬಾಲದ ಹತ್ತಿರ ಜಾಗ ಖಾಲಿ ಇದೆ! ರೈಟ್, ರೈಟ್!"

ಈ ಬಸ್ಸು ಹತ್ತಬೇಕಾದರೆ ದಡದ ಬಂಡೆ ಏರಿ, ಅಲ್ಲಿಂದ ಬೆನ್ನಿಗೆ ಹಾರಬೇಕು. ನಿಂಗಕ್ಕನೆಂಬ ಮೊಲಕ್ಕೆ ಆಗದಿದ್ದದ್ದು ಅದೇ. ಬೇಸಿಗೆಯ ಶುರುವಿನಲ್ಲಿ, ಗರಿಕೆ ತಿಂದು ಸಂಜೆಗೆ ಮರಳುತ್ತೇನೆಂದು ಈಚೆ ದಡಕ್ಕೆ ಬಂದವಳು ಅವಳು. ಒಣಕೊಂಬೆಯೊಂದು ಮುರಿದು ಬಿದ್ದು ಹಿಂಗಾಲು ಜಜ್ಜಿಹೋಯಿತು. ಗಾಯ ಮಾಯಿತು, ನೆಗೆತ ಮಾತ್ರ ಮರಳಲಿಲ್ಲ. ಅವಳ ಪೊದೆ, ತಂಗಿ ಕೆಂಪಿ, ಎಲ್ಲ ಆಚೆ ದಡದಲ್ಲೇ ಉಳಿದವು. ಕೆಂಪಿಯೇ ಬರೋಣವೆಂದರೆ ಅವಳಿಗೆ ನೀರು ಕಂಡರೆ ತಲೆ ಸುತ್ತು.

ದಿನಾ ಸಂಜೆ ಆಚೆ ದಡದ ಕಲ್ಲಿನ ಮೇಲೆ ಕೆಂಚನೆಯ ಚುಕ್ಕಿಯೊಂದು ಬಂದು ಕೂತು ಎರಡು ಕಿವಿ ಎತ್ತುತ್ತಿತ್ತು. ಈಚೆಯಿಂದ ನಿಂಗಕ್ಕನೂ ಎತ್ತುತ್ತಿದ್ದಳು. ಹೊಳೆಯ ಸದ್ದಿನಲ್ಲಿ ಮಾತು ಮುಟ್ಟುವಂತಿರಲಿಲ್ಲ. 'ಉಂಡೆಯಾ?', 'ಯಾವಾಗ ಬರ್ತೀಯಾ?' ಎಲ್ಲವೂ ಆ ಕಿವಿಗಳಲ್ಲೇ. ಚುಕ್ಕಿ ಮಬ್ಬಿನಲ್ಲಿ ಕರಗಿದ ಮೇಲೂ ನಿಂಗಕ್ಕ ಬಹಳ ಹೊತ್ತು ಕಿವಿ ಇಳಿಸುತ್ತಿರಲಿಲ್ಲ.

"ಗುಂಡಣ್ಣನ ಹತ್ತಿರ ಒಂದು ಮಾತು ಆಡಲಾ?" ಎಂದು ಕಂಡಕ್ಟರನ್ನು ಕೇಳಿದಳು.

"ಆನೆಯ ಜೊತೆ ಮಾತಾಡುವಂತಿಲ್ಲ. ದೂರಿದ್ದರೆ ಸಮಿತಿಗೆ ಹೇಳಿ," ಎಂದಿತು ಬೆಳ್ಳಕ್ಕಿ.

ಅದು 'ಹತ್ತಲಾರದವರ ಸಲಹಾ ಸಮಿತಿ'. ಅಧ್ಯಕ್ಷರು ಕೋದಂಡಯ್ಯನೆಂಬ ಮುಸುವ ಕೋತಿ, ಕಾರ್ಯದರ್ಶಿ ಅಳಿಲಮ್ಮ. ಇಬ್ಬರೂ ಒಳ್ಳೆಯವರೇ. ತಮಗೆ ಸುಲಭವಾದದ್ದು ಲೋಕಕ್ಕೆಲ್ಲ ಸುಲಭ ಎಂದುಕೊಂಡಿದ್ದರು, ಅಷ್ಟೇ. ನಿಂಗಕ್ಕನನ್ನೂ ಸದಸ್ಯೆ ಮಾಡಿಕೊಂಡರು. ಸಭೆ ಸೇರುತ್ತಿದ್ದದ್ದು ಮಾತ್ರ ಆಲದ ಮರದ ತುದಿಯಲ್ಲಿ. ಅಲ್ಲಿ ಗಾಳಿ ಚೆನ್ನಾಗಿತ್ತಂತೆ.

"ಸ್ವಾಮೀ, ನಾನು ಕೆಳಗಿದ್ದೀನಿ!" ಎಂದು ಬುಡದಲ್ಲಿ ನಿಂತು ನಿಂಗಕ್ಕ ಕೂಗಿದಳು.

"ಮೇಲೆ ಬಂದು ಹೇಳಮ್ಮ! ನಿನಗೋಸ್ಕರವೇ ಅಲ್ವಾ ಸಭೆ!"

ಸಭೆ ಮುಗಿದಾಗ ಮೇಲಿನಿಂದ ಒಂದು ಎಲೆ ಬೀಳುತ್ತಿತ್ತು. ಅದರ ಮೇಲೆ, 'ನಿಂಗಕ್ಕ: ಗೈರುಹಾಜರಿ'. ಏಳು ಸಭೆ ಆಯಿತು, ಏಳು ಎಲೆ ಬಿತ್ತು. ಏಳನೆಯದನ್ನು ಅವಳು ಸಿಟ್ಟಿನಿಂದ ತಿಂದುಬಿಟ್ಟಳು.

ಅಷ್ಟರಲ್ಲಿ ಆಚೆ ದಡದ ಚುಕ್ಕಿ ಕಾಣದಾಯಿತು. ಒಂದು ಸಂಜೆ, ಎರಡು ಸಂಜೆ, ವಾರವೇ ಕಳೆಯಿತು. ಕಲ್ಲು ಖಾಲಿ. ಆಚೆಯಿಂದ ಬಂದವರನ್ನೆಲ್ಲ ಕೇಳಿದಳು. "ನೋಡಲಿಲ್ಲಮ್ಮ," ಎಂದರು. ಆಕಾಶದಲ್ಲಿ ಮೋಡ ಕಟ್ಟಿತ್ತು. ಮಳೆ ಹಿಡಿದರೆ ಬಸ್ಸು ನಾಲ್ಕು ತಿಂಗಳು ಬಂದ್.

ಕೊನೆಯ ಟ್ರಿಪ್ಪಿನ ದಿನ ಸಮಿತಿಯ ಕೆಲಸ ಮುಗಿಯಿತು. ಬಂಡೆಯ ಪಕ್ಕದ ಕೊಂಬೆಗೆ ಒಂದು ಬಿಳಲನ್ನು ಹಗ್ಗದಂತೆ ಇಳಿಬಿಟ್ಟಿದ್ದರು.

"ಪರೀಕ್ಷೆ ಮಾಡಿದ್ದೀರಾ, ಅಳಿಲಮ್ಮ?"

"ಎಂಟು ಸಲ ಹತ್ತಿ ಇಳಿದೆ ಸ್ವಾಮಿ. ಕಣ್ಣು ಮುಚ್ಚಿಕೊಂಡು ಹತ್ತಬಹುದು!"

ಕೋದಂಡಯ್ಯ ತುಂಬೆ ಹೂವಿನ ಹಾರ ಹಾಕಿಕೊಂಡು ಬಿಳಲು ಹಿಡಿದ. "ನೋಡಮ್ಮ ನಿಂಗಕ್ಕ, ಹೀಗೆ ಹಿಡಿ, ಹೀಗೆ ಜೀಕು..."

ಬಿಳಲಿಗೆ ಅಳಿಲಿನ ತೂಕವಷ್ಟೇ ಗೊತ್ತಿತ್ತು. ಪಟ್ಟೆಂದು ಹರಿಯಿತು. ಅಧ್ಯಕ್ಷರು ದೊಪ್ಪನೆ ಕೆಳಗೆ ಬಿದ್ದರು. ಕಾಲು ಬದನೆಕಾಯಿಯಂತೆ ಊದಿಕೊಂಡಿತು.

"ಅಯ್ಯಯ್ಯೋ! ನನ್ನ ಹೆಂಡತಿ ಮಕ್ಕಳು ಆಚೆ ದಡದಲ್ಲಿದ್ದಾರೆ! ಈಗ ಹೇಗೆ ಹತ್ತಲಿ?"

"ಸಮಿತಿಗೆ ಹೇಳಿ ಅಧ್ಯಕ್ಷರೇ," ಎಂದಳು ನಿಂಗಕ್ಕ. "ಮೇಲೆ ಹೋಗಿ ಹೇಳಬೇಕು."

ಕೋದಂಡಯ್ಯ ಮಲಗಿದಲ್ಲಿಂದಲೇ ಆಲದ ಮರವನ್ನು ನೋಡಿದ. ಕೆಳಗಿನಿಂದ ಹಾಗೆ ನೋಡಿದ್ದು ಅದೇ ಮೊದಲು.

"ಎಷ್ಟು ಎತ್ತರ ಇದೆಯಮ್ಮ ಇದು!" ಎಂದ ಸಣ್ಣ ದನಿಯಲ್ಲಿ. ಆಮೇಲೆ, "ನೀನೇ ಹೇಳು ತಾಯಿ, ಏನು ಮಾಡೋಣ?"

ಇಡೀ ಬೇಸಿಗೆಯಲ್ಲಿ ಯಾರೂ ಅವಳನ್ನು ಕೇಳದ ಮಾತು ಅದು.

"ಗುಂಡಣ್ಣನ್ನ ಒಂದು ಮಾತು ಕೇಳಬೇಕು."

ಬೆಳ್ಳಕ್ಕಿ ಕೊಕ್ಕು ತೆರೆಯಿತು. ಅಧ್ಯಕ್ಷರು ಕಣ್ಣು ಬಿಟ್ಟದ್ದೇ ಕೊಕ್ಕು ಮುಚ್ಚಿತು.

"ಗುಂಡಣ್ಣಾ, ಒಂದ್ಸಲ ಮಂಡಿಯೂರಿ ಸೊಂಡಿಲು ಚಾಚ್ತೀಯಾ?"

"ಓ, ಅದಕ್ಕೇನು!" ಗುಂಡಣ್ಣ ಮಂಡಿಯೂರಿ ಸೊಂಡಿಲನ್ನು ನೆಲಕ್ಕೆ ಚಾಚಿದ. ನಿಂಗಕ್ಕ ಕುಂಟುತ್ತಾ ಹತ್ತಿದಳು. ಹಿಂದೆಯೇ ಅಧ್ಯಕ್ಷರು ತೆವಳಿದರು.

"ಮೊದಲೇ ಹೇಳಬಾರದಿತ್ತೇನಯ್ಯ?" ಎಂದು ನರಳಿದರು.

"ನನ್ನನ್ನ ಯಾರು ಕೇಳಿದ್ರು? ಸಭೆಗೆ ಬರೋಣ ಅಂದ್ರೆ ನನಗೆಲ್ಲಿ ಸ್ವಾಮಿ ಮರ ಹತ್ತೋಕೆ ಬರುತ್ತೆ?" ಎಂದ ಗುಂಡಣ್ಣ.

ಹೊಳೆ ದಾಟುವಷ್ಟು ಹೊತ್ತೂ ನಿಂಗಕ್ಕ ಕಲ್ಲಿನಿಂದ ಕಣ್ಣು ಕೀಳಲಿಲ್ಲ. ಕಲ್ಲು ದೊಡ್ಡದಾಗುತ್ತಾ ಬಂತು, ಖಾಲಿಯಾಗಿಯೇ ಬಂತು. ಇಳಿದವಳು ಕಲ್ಲನ್ನು ಸುತ್ತಿಕೊಂಡು ಅದರ ಹಿಂಬದಿಗೆ ಹೋದಳು.

ಅಲ್ಲಿ ಹುಲ್ಲಿನಲ್ಲಿ ಕೆಂಪಿ ಕೂತಿದ್ದಳು, ಕಲ್ಲಿಗೆ ಮುಖ ಮಾಡಿ, ಎರಡೂ ಕಿವಿ ಎತ್ತಿಕೊಂಡು.

"ಕೆಂಪೀ! ಯಾಕೆ ಕಲ್ಲಿನ ಮೇಲೆ ಬರಲಿಲ್ಲ? ನನ್ನ ಜೀವ ಹೋಗಿತ್ತಲ್ಲೇ!"

"ಅಕ್ಕಾ!" ಎಂದು ಕೆಂಪಿ ಅವಳ ಕತ್ತಿಗೆ ಮೂತಿ ಒತ್ತಿದಳು. "ಅಂಗಾಲಿಗೆ ಮುಳ್ಳು ಹೊಕ್ಕಿದೆ. ಕಲ್ಲು ಹತ್ತೋಕೆ ಆಗಲಿಲ್ಲ. ಆದರೂ ದಿನಾ ಸಂಜೆ ಇಲ್ಲೇ ಕೂತು ಕಿವಿ ಎತ್ತುತ್ತಿದ್ದೆ. ಕಾಣ್ತಿತ್ತಾ?"

ಹೊಳೆಯನ್ನೇ ಮರೆಮಾಡಿ ನಿಂತಿದ್ದ ಆ ಕಲ್ಲನ್ನು ನಿಂಗಕ್ಕ ನೋಡಿದಳು.

"ಕಾಣ್ತಿತ್ತು ಕಣೇ," ಎಂದಳು.

ಈ ಕತೆಯಲ್ಲಿ ನಾನು ಹೇಳದ ಸುಳ್ಳು ಅದೊಂದೇ.

ನೀತಿ: ಹತ್ತಲಾರದವರ ಕಷ್ಟವನ್ನು ಮರದ ಮೇಲೆ ಕೂತು ತೀರ್ಮಾನಿಸಬಾರದು; ಕೆಳಗಿಳಿದು ಅವರನ್ನೇ ಕೇಳಬೇಕು.