ಹುಳಿಮಜ್ಜಿಗೆಗೆ ಇಳಿದ ಸಿಗಡಿ ಸಿಪ್ಪೆ

ಸಿಗಡಿ ತನ್ನ ಸಿಪ್ಪೆಯೊಳಗೆ ಬಚ್ಚಿಟ್ಟುಕೊಂಡ ಬಟ್ಟೆ ಯಾವುದು, ಹೇಳಿ ನೋಡೋಣ? ಒದ್ದಾಡಬೇಡಿ, ನಿಮಗೆ ಬರಲ್ಲ. ಸಿಗಡಿಗೇ ಗೊತ್ತಿರಲಿಲ್ಲ.

ಮೀನು ಶೆಡ್ಡಿನ ಹಿಂದೆ ಬಿದ್ದಿದ್ದ ಸಿಪ್ಪೆಗೆ ಮಾತ್ರ ಗೊತ್ತಿತ್ತು. ಆ ಬಟ್ಟೆ, ಅಂದರೆ ತನ್ನ ಸುಣ್ಣದೊಳಗೆ ಹೆಣೆದುಕೊಂಡಿರುವ ನಾರು, ಹೊರಬಂದು ಯಾರದೋ ಗಾಯಕ್ಕೆ ಪಟ್ಟಿಯಾಗಬೇಕು ಅಂತ ಅದಕ್ಕೆ ಆಸೆ.

ಆಸಿಡ್ ಕ್ಯಾನು ಕರೆಯಿತು. "ಬಾರೇ, ಸಂಜೆಯೊಳಗೆ ನಿನ್ನ ಸುಣ್ಣವೆಲ್ಲ ಕಳಚಿ ನಾರು ತೆಗೀತೀನಿ."

"ಆಮೇಲೆ ನೀನು ಎಲ್ಲಿಗೆ ಹೋಗ್ತೀಯಣ್ಣ?"

"ಹೊಳೆಗೆ. ಮತ್ತೆಲ್ಲಿಗೆ?"

"ಹೊಳೇಲಿ ನನ್ನ ಮರಿಗಳಿವೆ," ಎಂದು ಸಿಪ್ಪೆ ಪಕ್ಕದ ಹುಳಿಮಜ್ಜಿಗೆ ಮಡಕೆಯತ್ತ ತಿರುಗಿತು. "ಅಕ್ಕಾ, ನಿನ್ನ ಕೈಲಿ ಆಗುತ್ತಾ?"

"ಚೂರು ಬೆಲ್ಲ ಇದ್ದರೆ ಹುಳಿ ಏರಿ ಆಗುತ್ತೆ ತಂಗಿ. ಆದರೆ ನಾನು ನಿಧಾನ. ನಾತ ಬೇರೆ ತಡ್ಕೋಬೇಕು."

"ಅಷ್ಟರಲ್ಲಿ ಕೊಳೆತೇ ಹೋಗ್ತೀಯ!" ಕ್ಯಾನು ನಕ್ಕಿತು.

ಸಿಪ್ಪೆ ಚೂರು ಬೆಲ್ಲ ಹೊತ್ತು ಮಡಕೆಗೆ ಹಾರಿತು.

ಕೊನೆಗೆ ನಾರು ಹೊರಬಂತು. ಹುಳಿನೀರು ತೆಂಗಿನ ಬುಡ ಸೇರಿತು. ನಾರಿನ ಪಟ್ಟಿ ಹೋಗಿ ಕೂತಿದ್ದು, ಕ್ಯಾನು ಎತ್ತುವಾಗ ಆಸಿಡ್ ಚೆಲ್ಲಿಕೊಂಡ ಶೆಡ್ಡಿನ ಯಜಮಾನನ ಕೈ ಮೇಲೆ!

ಚೆನ್ನಾಗಿದೆ ಅಲ್ವಾ? ಈ ಕೊನೆ ನಾನೇ ಕಟ್ಟಿದ್ದು. ನಿಜವಾಗಿ ಸಿಪ್ಪೆ ಇನ್ನೂ ಮಡಕೆಯಲ್ಲೇ ಗುಳುಗುಳು ಅಂತಿದೆ. "ಆಯ್ತೇನೇ?" ಅಂತ ಕ್ಯಾನು ದಿನಾ ಕೇಳುತ್ತೆ. "ಇಲ್ಲಣ್ಣ, ಆದರೆ ಆಗೋವರೆಗೆ ಹೊರಗೆ ಬರಲ್ಲ," ಅನ್ನುತ್ತೆ ಸಿಪ್ಪೆ.