ಹೊರಗೆ ಬಾರದ ಕೋಣೆ

೨೦೦೬ನೇ ಇಸವಿ, ಅಕ್ಟೋಬರ್ ೧೫, ಭಾನುವಾರ. ನನ್ನ ಹಳೆಯ ಡೈರಿಯ ಆ ಪುಟ, ನಾನು ಗುರುಗಳನ್ನು ಕೇಳಿದ ಪ್ರಶ್ನೆಯಿಂದಲೇ ಶುರುವಾಗುತ್ತದೆ.

“ಗುರುಗಳೇ, ಸೊಸೆ ನಿರುಪಮಾ ನಮ್ಮ ಮನೆಗೆ ಬಂದು ಮೂರು ವರ್ಷವಾಯಿತು. ನಾನು ಅವಳಿಗೆ ಯಾವುದರಲ್ಲೂ ಕಡಿಮೆ ಮಾಡಿಲ್ಲ. ಕೊಟ್ಟದ್ದನ್ನೆಲ್ಲ ತಾರೀಖಿನ ಸಮೇತ ಬರೆದಿಟ್ಟಿದ್ದೇನೆ. ಆದರೂ ಅವಳು ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ, ಅಷ್ಟೆ. ಇನ್ನೇನು ಕೊಟ್ಟರೆ ಅವಳು ನನ್ನವಳಾದಾಳು?”

ಗುರುಗಳು ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ ನಕ್ಕರು. “ಅವಳು ಕೊಟ್ಟದ್ದನ್ನೂ ಬರೆದಿದ್ದೀರಾ, ತಾಯಿ?”

“ಬರೆದಿದ್ದೇನೆ. ಮೊದಲ ಸಂಬಳದಲ್ಲಿ ನನಗೊಂದು ಇಳಕಲ್ ಸೀರೆ ತಂದಳು. ಹಾಳಾಗಬಾರದೆಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದೇನೆ. ಇವತ್ತಿಗೂ ಮಡಿಕೆ ಬಿಚ್ಚಿಲ್ಲ.”

ಗುರುಗಳು ಈ ಕತೆ ಹೇಳಿದರು.

ಒಬ್ಬರು ಕಣ್ಣಿನ ಡಾಕ್ಟರಿದ್ದರು. ಅವರ ಆಸ್ಪತ್ರೆ ಗಾಲಿಗಳ ಮೇಲಿತ್ತು. ಅದೊಂದು ಉದ್ದನೆಯ ಟ್ರೇಲರ್. ಅದರ ಮುಂದಿನ ಕತ್ತು ಲಾರಿಯ ಬೆನ್ನ ಮೇಲೆ ಕೂತಿರುತ್ತಿತ್ತು. ಊರು ಸೇರಿದ ಮೇಲೆ ಸ್ವಿಚ್ ಒತ್ತಿದರೆ ಟ್ರೇಲರಿನ ಪಕ್ಕದಿಂದ ಒಂದು ಕೋಣೆ, ಮೇಜಿನ ಡ್ರಾಯರಿನಂತೆ, ಹೊರಗೆ ಚಾಚಿಕೊಳ್ಳುತ್ತಿತ್ತು. ಆಪರೇಷನ್ ನಡೆಯುತ್ತಿದ್ದುದು ಆ ಕೋಣೆಯಲ್ಲೇ. ಲಾರಿಯ ಚಾಲಕನಿಗೆ ಆ ಟ್ರೇಲರ್ ಎಂದರೆ ಪ್ರಾಣ.

ಒಂದು ವರ್ಷ ದಸರೆ ಕಳೆದ ವಾರಕ್ಕೆ ಅವರು ಒಂದು ಹಳ್ಳಿಗೆ ಹೋದರು. ಪೊರೆ ಬಂದ ಹನ್ನೊಂದು ಜನ ವಯಸ್ಸಾದವರು ಕಾದಿದ್ದರು. ಚಾಲಕ ಸ್ವಿಚ್ ಒತ್ತಿದ. ಒಳಗೆ ಟಕ್ ಎಂದಿತು. ಕೋಣೆ ಅಲುಗಲಿಲ್ಲ.

ಡಾಕ್ಟರು ಹೊಸ ಬ್ಯಾಟರಿ ತರಿಸಿದರು. ಟಕ್ ಎಂದಿತು. ಹೊಸ ಸ್ವಿಚ್ ಹಾಕಿಸಿದರು. ಟಕ್ ಎಂದಿತು. ಕೊನೆಗೆ ಪೇಟೆಯಿಂದ ಮೋಟಾರನ್ನೇ ತರಿಸಿ ಕೂರಿಸಿದರು. ಕೋಣೆ ಅಲುಗಲಿಲ್ಲ. ಎರಡು ದಿನ ಹೋಯಿತು. ಮಾರನೆಯ ದಿನ ಅವರು ಇನ್ನೊಂದು ಊರಿನಲ್ಲಿರಬೇಕಿತ್ತು. ಈ ಊರಿಗೆ ಮತ್ತೆ ಬರುವುದು ಮುಂದಿನ ವರ್ಷವೇ.

ಒಬ್ಬ ಮುದುಕಿ ಡಾಕ್ಟರಿಗೇ ಸಮಾಧಾನ ಹೇಳಿದಳು. “ಹೋಗ್ಲಿ ಬಿಡಪ್ಪ. ಮೊಮ್ಮಗಳ ಮುಖ ಮುಂದಿನ ವರ್ಷ ನೋಡ್ತೀನಿ. ಆದ್ರೆ ಆಗ ಅದು ಓಡಾಡ್ತಿರ್ತದೆ, ಹಿಡಿದು ನಿಲ್ಸೋರು ಯಾರು?”

ಆಗ ಯಾರೋ ಪಂಪ್‌ಸೆಟ್ ರಿಪೇರಿ ಮಾಡುವ ಮುದುಕನೊಬ್ಬನನ್ನು ಕರೆತಂದರು. ಅವನು ಹೊಸ ಸಾಮಾನುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಚಾಲಕನನ್ನು ಕೇಳಿದ, “ಕೊನೇ ಸಲ ಸರಿಯಾಗಿ ಓಡಿದ್ದು ಯಾವತ್ತು?”

“ಆಯುಧಪೂಜೆಗೆ ಮುಂಚೆ.”

“ಪೂಜೇಗೆ ಏನು ಮಾಡ್ದೆ?”

“ಏನ್ ಕಮ್ಮಿ ಮಾಡ್ದೆ ಅಂತ ಕೇಳಿ ಯಜಮಾನ್ರೇ! ತೊಳೆದೆ, ಒರೆಸಿದೆ, ತುಕ್ಕು ಹಿಡೀಬಾರ್ದು ಅಂತ ಅಡಿಯೆಲ್ಲ ಬಿಚ್ಚಿ ಬಣ್ಣ ಹೊಡೆದೆ. ಒಂದು ಬೋಲ್ಟೂ ಬಿಟ್ಟಿಲ್ಲ.”

“ಒಂದಾದ್ರೂ ಬಿಡಬೇಕಿತ್ತು” ಎಂದ ಮುದುಕ.

ಅವನು ಟ್ರೇಲರಿನ ಅಡಿಗೆ ತೂರಿದ. ಮೋಟಾರಿನಿಂದ ಬಂದ ಅರ್ಥಿಂಗ್ ತಂತಿಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿದ. ತಂತಿಗೂ ಕಬ್ಬಿಣಕ್ಕೂ ನಡುವೆ, ಕರೆಂಟು ದಾಟದಂತೆ, ಎರಡು ಕೋಟು ಹಸಿರು ಬಣ್ಣವಿತ್ತು. ಉಪ್ಪುಕಾಗದ ತೆಗೆದು ಉಜ್ಜಿದ. ರೂಪಾಯಿಯಗಲ ಕಬ್ಬಿಣ ಬೆಳ್ಳಗೆ ಹೊಳೆಯಿತು. ತಂತಿಯನ್ನು ಅಲ್ಲಿಗೆ ಮತ್ತೆ ಬಿಗಿದು, “ಈಗ ಒತ್ತಪ್ಪ” ಎಂದ.

ಕೋಣೆ ಹೊರಗೆ ಬಂತು. ಮುದುಕಿ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದಳು.

ಚಾಲಕನ ಕಣ್ಣು ತುಂಬಿತು. “ಚೆನ್ನಾಗಿರ್ಲಿ ಅಂತಲೇ ಮಾಡಿದ್ದೆ” ಎಂದ. ಮುದುಕ ಅವನ ಬೆನ್ನು ತಟ್ಟಿದ. “ನನಗೆ ಗೊತ್ತಪ್ಪ. ಆದ್ರೆ ಕರೆಂಟು ಮೋಟಾರಿಗೆ ಹೋದ್ರೆ ಸಾಲ್ದು, ಅದಕ್ಕೆ ವಾಪಸ್ ಬರೋಕೂ ದಾರಿ ಬೇಕು. ನೀನು ಅಕ್ಕರೆಯಿಂದ ಆ ದಾರಿಗೇ ಬಣ್ಣ ಬಳಿದಿದ್ದೆ.”

ಗುರುಗಳು ಕತೆ ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಟ್ರಂಕಿನ ಬೀಗದಕೈ ಎಲ್ಲಿದೆ, ತಾಯಿ?”



ಡೈರಿಯ ಮಾರನೆಯ ಪುಟದಲ್ಲಿ ಬರೆದಿರುವುದು ಇಷ್ಟೇ: ಇಳಕಲ್ ಸೀರೆಗೆ ಇಸ್ತ್ರಿ, ಐದು ರೂಪಾಯಿ. ನೆರಿಗೆ ಹಿಡಿದುಕೊಟ್ಟವಳು ನಿರುಪಮಾ. ಬೇರೆ ಖರ್ಚಿಲ್ಲ.