ಹಗೇವಿನ ಸಾಹುಕಾರ

“ಅಜ್ಜಾರ, ಒಮ್ಮೆ ಬಂದ ಗಿರಾಕಿ ನಮ್ಮನ್ನು ಬಿಟ್ಟು ಹೋಗದಂಗ ಮಾಡೋದು ಹೆಂಗ್ರೀ?” ಎಂದು ಪಂಪಾಪತಿ ಊರ ಮಠದ ಅಜ್ಜಾರನ್ನು ಕೇಳಿದ.

ಪಂಪಾಪತಿ ಒಂದು ಕ್ಲೌಡ್ ಕಂಪನಿಯ ಮುಖ್ಯಸ್ಥ. ದೊಡ್ಡ ಸಂಸ್ಥೆಗಳ ಮಾಹಿತಿಯನ್ನು ತನ್ನ ಕಂಪ್ಯೂಟರುಗಳಲ್ಲಿ ಕಾಪಾಡಿಡುವುದು ಅವನ ವ್ಯವಹಾರ. ಈಗ ಒಂದು ಆಸ್ಪತ್ರೆಯವರು ತಮ್ಮ ರೋಗಿಗಳ ವಿವರಗಳನ್ನೆಲ್ಲ ವಾಪಸು ಕೇಳುತ್ತಿದ್ದರು. ಬೇರೆ ಕಂಪನಿಗೆ ಹೋಗುವವರಿದ್ದರು. ಅವರು ಹೋದರೆ ಉಳಿದವರೂ ಹಿಂದೆಯೇ ಹೊರಡುತ್ತಾರೆಂದು ಪಂಪಾಪತಿಗೆ ದಿಗಿಲು. ಅದಕ್ಕೇ ಅವರನ್ನು ಇವತ್ತು ಈ ವಿಭಾಗ, ನಾಳೆ ಆ ವಿಭಾಗ ಎಂದು ಅಲೆದಾಡಿಸುತ್ತಿದ್ದ.

“ತಲಿ ಚಿಟ್ಟು ಹಿಡಿಸ್ಯಾರ್ರೀ. ನಿಮ್ಮ ಮಾಹಿತಿ ಭದ್ರ ಐತಿ ಅಂತ ಎಷ್ಟು ಹೇಳಿದ್ರೂ ಕೇಳವಲ್ರು. ನಾಳೆ ಆಫೀಸಿಗೇ ಬರ್ತಾರಂತ.”

ಅಜ್ಜಾರ ಕಣ್ಣಂಚಿನಲ್ಲಿ ತುಂಟತನ ಮಿಂಚಿತು. “ಒಂದು ಕತಿ ಹೇಳ್ತೀನಿ. ಖರೇನ ನಡೆದದ್ದು. ಹೋದ ಸಲ ಹೇಳಿದಾಗ ಇದರಾಗ ಸಾಹುಕಾರನ ಬದಲು ಗಾಣಿಗ ಇದ್ದ, ಅದು ಬ್ಯಾರೆ ಮಾತು.”

ಪಂಪಾಪತಿ ನಿಟ್ಟುಸಿರು ಬಿಟ್ಟ. ಅವನಿಗೆ ಬೇಕಾಗಿದ್ದದ್ದು ಉಪಾಯ, ಕತೆಯಲ್ಲ.

ಒಬ್ಬ ಸಾಹುಕಾರನಿದ್ದ. ಅವನ ಅಂಗಳದಲ್ಲಿ ಒಂದು ಹಗೇವು ಇತ್ತು; ನೆಲದೊಳಗೆ ಬಾವಿಯಂತೆ ತೋಡಿದ, ಸಣ್ಣ ಬಾಯಿಯ ಕಣಜ. ಊರವರೆಲ್ಲ ಕಾಳು ತಂದು ಅದರಲ್ಲಿ ಇಡುತ್ತಿದ್ದರು. ಇಡಲು ಬಂದವರಿಗೆ ಬೆಲ್ಲ, ನೀರು, ಕೂರಲು ಗದ್ದುಗೆ. ತೆಗೆದುಕೊಳ್ಳಲು ಬಂದವರಿಗೆ ಸಾಹುಕಾರ ಊರಲ್ಲೇ ಇಲ್ಲ.

ಬಿತ್ತನೆಯ ಹೊತ್ತಿಗೆ ಒಬ್ಬ ರೈತ ಬಂದ. ನೆಲದ ಹದ ಆರುತ್ತಿತ್ತು. ಅವನ ಬೀಜದ ಜೋಳವೆಲ್ಲ ಹಗೇವಿನಲ್ಲಿತ್ತು. ಬಂದ, ಹೋದ, ಮತ್ತೆ ಬಂದ. ಕೊನೆಗೆ ಸಾಹುಕಾರ ಸಿಕ್ಕ.

“ನಿನ್ನ ಜೋಳ ಭದ್ರ ಐತೋ ಮಾರಾಯಾ!”

“ಭದ್ರ ಐತಂತಾನ ಒಯ್ಯಾಕ ಬಂದೀನ್ರಿ. ತೆಗೆದು ಕೊಡ್ರಿ.”

“ತೆಗೆದ ಮ್ಯಾಲೆ ಭದ್ರ ಹೆಂಗಿರ್ತದ? ಹೊರಗ ಇಲಿ ಅದಾವ, ಮಳಿ ಐತಿ. ನಿನ್ನ ಒಳ್ಳೇದಕ್ಕ ಹೇಳ್ತೀನಿ.”

ರೈತ ಹಣೆ ಬಡಿದುಕೊಂಡ. ಆದರೂ ಹೋಗಲಿಲ್ಲ, ಅಲ್ಲೇ ಕೂತ. ಸಾಹುಕಾರನಿಗೂ ಬೇಸರ ಬಂತು. ಕಣ್ಣಾರೆ ನೋಡಿ ಹೇಳಿದರೆ ಪೀಡೆ ತೊಲಗುತ್ತದೆಂದು ಹಗೇವಿನ ಬಾಯಿ ತೆಗೆಸಿದ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಹಗ್ಗ ಹಿಡಿದು ತಾನೇ ಇಳಿದ. ಜೋಳ ಇತ್ತು. ಸಾಹುಕಾರ ಸುಳ್ಳುಗಾರನಲ್ಲ.

“ನೋಡು, ಒಂದು ಕಾಳೂ ಕೆಟ್ಟಿಲ್ಲ!” ಎಂದು ಒಳಗಿನಿಂದ ಕೂಗಿದ. ಮೇಲೆ ಹತ್ತಲು ಕೈ ಚಾಚಿದರೆ ಹಗ್ಗವಿರಲಿಲ್ಲ. ರೈತ ಅದನ್ನು ಮೇಲಕ್ಕೆ ಎಳೆದುಕೊಂಡು ಅಚ್ಚುಕಟ್ಟಾಗಿ ಸುತ್ತಿಡುತ್ತಿದ್ದ.

“ಲೇ, ಹಗ್ಗ ಬಿಡೋ! ನನ್ನ ಮ್ಯಾಲೆತ್ತೋ!” ಎಂದು ಸಾಹುಕಾರ ಬೊಬ್ಬೆ ಹೊಡೆದ.

ಅಜ್ಜಾರು ಇಲ್ಲಿಗೆ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

ಪಂಪಾಪತಿ ತೊಡೆ ತಟ್ಟಿಕೊಂಡು ನಗುತ್ತಿದ್ದ. ಎಷ್ಟೋ ದಿನಗಳ ಮೇಲೆ ಬಂದ ನಗು. “ಹಂಗ ಆಗಬೇಕು ಆ ಮನುಷ್ಯಾಗ! ಆಮ್ಯಾಲೆ ರೈತ ಏನಂದ, ಅಜ್ಜಾರ?”

“ನಾಳೆ ನೀ ಆಸ್ಪತ್ರೆಯವರಿಗೆ ಏನಂತೀಯೋ, ಅದನ್ನ ಅಂದ.”